ದಾಳಿಂಬೆ ಕಾಳು ಅವಳೇ ತಿಂದಳಾ, ಅವನು ತಿನ್ನಿಸಿದನಾ?

ಅಕ್ಕನ ಮಗಳು ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿಸಿ ರಜೆಗೆ ನಮ್ಮ ಮನೆಗೆ ಬಂದಿದ್ದಳು. ಮೂರೇ ದಿನದಲ್ಲಿ ಎರಡು ದಪ್ಪ ಇಂಗ್ಲಿಷ್ ಕಾದಂಬರಿ ಓದಿ ಮುಗಿಸಿದಳು. ಎರಡರಲ್ಲೂ ಹದಿನೇಳರ ಹುಡುಗಿ, ಎರಡರಲ್ಲೂ ಸತ್ತವರ ಲೋಕದ ರಾಜ, ಎರಡರಲ್ಲೂ ಮೊದಲು ಜಗಳ, ಆಮೇಲೆ ನಿಧಾನಕ್ಕೆ ಪ್ರೀತಿ. ನಾಲ್ಕನೇ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಕೇಳಿದಳು: "ಒಂದರಲ್ಲಿ ಅವಳೇ ದಾಳಿಂಬೆ ಕಿತ್ತು ತಿಂತಾಳೆ, ಇನ್ನೊಂದರಲ್ಲಿ ಅವನು ಮೋಸ ಮಾಡಿ ತಿನ್ನಿಸ್ತಾನೆ. ನಿಜವಾದ ಕಥೇಲಿ ಏನಿದೆ?"

ನಿಜವಾದ ಕಥೆ ಅಂದರೆ ಗ್ರೀಕ್ ಪುರಾಣದ ಪರ್ಸೆಫೊನಿಯದು, ಸತ್ತವರ ಲೋಕದ ರಾಜ ಹೇಡಿಸ್ ಹೊತ್ತೊಯ್ದ ಹುಡುಗಿಯದು. ಅದರಲ್ಲಿ ಎರಡೂ ಇದೆ. ಈ ಥರದ ಪುಸ್ತಕಗಳೆಲ್ಲ ಹುಟ್ಟೋದು ಆ ಎರಡರ ನಡುವಿನ ಜಾಗದಲ್ಲೇ. ಅವಳಿಗೆ ಅವತ್ತು ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಯಂಗ್ ಅಡಲ್ಟ್ ಅಂದರೆ ಸುಮಾರು 12ರಿಂದ 18 ವರ್ಷದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಪುಸ್ತಕ. ಅದಕ್ಕೆ ಫ್ಯಾಂಟಸಿ, ರೊಮ್ಯಾನ್ಸ್ ಎರಡೂ ಸೇರಿ, ಕಥೆಯ ಬೇರು ಯಾವುದಾದರೂ ಪುರಾಣದಲ್ಲಿದ್ದರೆ ಓದುಗರು ಅದನ್ನು ರೀಟೆಲ್ಲಿಂಗ್ ಅನ್ನುತ್ತಾರೆ. ಈಚೆಗೆ ರೊಮ್ಯಾನ್ಸ್, ಫ್ಯಾಂಟಸಿ ಎರಡನ್ನೂ ಸೇರಿಸಿ ರೊಮ್ಯಾಂಟಸಿ ಅನ್ನೋ ಹೆಸರು ಜಾಸ್ತಿ ಕೇಳುತ್ತಿದೆ, ಆದರೆ ಅದರಲ್ಲಿ ಬಹಳಷ್ಟು ಪುಸ್ತಕಗಳು ದೊಡ್ಡವರಿಗೇ ಬರೆದವು. ಮುಖಪುಟ ನೋಡಿದರೆ ವ್ಯತ್ಯಾಸ ಗೊತ್ತಾಗಲ್ಲ, ಎಲ್ಲದರಲ್ಲೂ ಅದೇ ಕಿರೀಟ, ಅದೇ ಬಳ್ಳಿ, ಅದೇ ಕತ್ತಿ. ಮನೆಯ ಮಕ್ಕಳಿಗೆ ಕೊಡಿಸುವವರು ಯಾವ ವಯಸ್ಸಿನವರಿಗೆ ಬರೆದದ್ದು ಅಂತ ಒಮ್ಮೆ ನೋಡಿಕೊಳ್ಳಿ.

ಈಗ ದಾಳಿಂಬೆಗೆ ಬರೋಣ.

ಪರ್ಸೆಫೊನಿಯ ಕಥೆ ನಮಗೆ ಪೂರ್ತಿಯಾಗಿ ಸಿಗುವ ಹಳೆಯ ಮೂಲ ಒಂದು ಗ್ರೀಕ್ ಸ್ತೋತ್ರ. ಅವಳ ತಾಯಿ ಡಿಮೀಟರ್ ಅನ್ನೋ ಧಾನ್ಯದೇವತೆಯ ಮೇಲೆ ಬರೆದದ್ದು, ಸುಮಾರು 500 ಸಾಲು, ಕ್ರಿ.ಪೂ. 7 ಅಥವಾ 6ನೇ ಶತಮಾನದ್ದು. ಹಳೆಯ ಗ್ರೀಕ್ ಕವಿ ಹೋಮರನ ಹೆಸರಿನಲ್ಲಿ ಬಂದಿದೆ, ಅವನು ಬರೆದದ್ದಲ್ಲ. ಇಷ್ಟು ದೊಡ್ಡ ಕಥೆ ಉಳಿದು ಬಂದದ್ದು ಒಂದೇ ಒಂದು ಹಸ್ತಪ್ರತಿಯಿಂದ, ಅದೂ 1777ರಲ್ಲಿ ಮಾಸ್ಕೋದಲ್ಲಿ ಸಿಕ್ಕಿದ್ದು. ಅದು ಸಿಗದೇ ಹೋಗಿದ್ದರೆ ಇವತ್ತಿನ ಅರ್ಧ ಪುಸ್ತಕಗಳು ಬೇರೆ ಥರವೇ ಇರುತ್ತಿದ್ದವು.

ಆ ಪದ್ಯದಲ್ಲಿ ಹುಡುಗಿ ಗೆಳತಿಯರ ಜೊತೆ ಹುಲ್ಲುಗಾವಲಿನಲ್ಲಿ ಹೂವು ಕೀಳುತ್ತಿರುತ್ತಾಳೆ. ಗುಲಾಬಿ, ಕೇಸರಿ ಹೂವು, ಆಮೇಲೆ ಒಂದು ನಾರ್ಸಿಸಸ್ ಹೂವು ಕಾಣುತ್ತೆ, ಒಂದೇ ಬುಡದಿಂದ ನೂರು ತಲೆ ಎದ್ದಿದೆ. ಅದು ಅವಳಿಗಾಗಿಯೇ ಭೂಮಿ ಬೆಳೆಸಿದ ಬಲೆ, ಅವಳ ಅಪ್ಪ, ದೇವತೆಗಳ ರಾಜ ಝ್ಯೂಸ್‌ನ ಒಪ್ಪಿಗೆಯಿಂದ. ಅವಳು ಎರಡೂ ಕೈ ಚಾಚುತ್ತಾಳೆ. ನೆಲ ಬಾಯಿ ಬಿಡುತ್ತೆ. ಚಿನ್ನದ ರಥದಲ್ಲಿ ಹೇಡಿಸ್ ಬಂದು ಎತ್ತಿಕೊಂಡು ಹೋಗುತ್ತಾನೆ. ಅವಳು "ಅಪ್ಪಾ" ಅಂತಲೇ ಕೂಗುತ್ತಾಳೆ. ಅವಳನ್ನು ಕೊಟ್ಟವನೇ ಅಪ್ಪ ಅನ್ನೋದು ಅವಳಿಗೆ ಗೊತ್ತಿಲ್ಲ, ಓದುವ ನಮಗೆ ಗೊತ್ತು.

ತಾಯಿ ಒಂಬತ್ತು ದಿನ ಪಂಜು ಹಿಡಿದು ಹುಡುಕುತ್ತಾಳೆ. ಸಿಟ್ಟಿಗೆ ಬೆಳೆಯನ್ನೇ ನಿಲ್ಲಿಸುತ್ತಾಳೆ. ಕೊನೆಗೆ ದೇವತೆಗಳು ಮಣಿದು, ಮಗಳನ್ನು ವಾಪಸ್ ಕರೆತರಲು ದೇವದೂತ ಹರ್ಮಿಸ್‌ನನ್ನು ಕಳಿಸುತ್ತಾರೆ. ಹೇಡಿಸ್ ಹೋಗು ಅನ್ನುತ್ತಾನೆ. ಅವಳು ಖುಷಿಯಿಂದ ಎದ್ದು ನಿಲ್ಲುತ್ತಾಳೆ. ಅಷ್ಟರಲ್ಲಿ ಅವನು ಅತ್ತಿತ್ತ ನೋಡಿ, ಗುಟ್ಟಾಗಿ, ಜೇನಿನಷ್ಟು ಸಿಹಿಯಾದ ಒಂದು ದಾಳಿಂಬೆ ಕಾಳು ತಿನ್ನಲು ಕೊಡುತ್ತಾನೆ. ಆ ಲೋಕದ ಅನ್ನ ತಿಂದವರು ಆ ಲೋಕಕ್ಕೆ ಸೇರಿದರು ಅಂತ ಲೆಕ್ಕ. ಅದಕ್ಕೇ ವರ್ಷದ ಮೂರನೇ ಒಂದು ಭಾಗ ಅವಳು ಕೆಳಗೆ ಇರಬೇಕು, ಉಳಿದ ಎರಡು ಭಾಗ ತಾಯಿಯ ಹತ್ತಿರ.

ಇಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ಕವಿ ಈ ಘಟನೆ ಹೇಳುವಾಗ ಗುಟ್ಟಾಗಿ ಕೊಟ್ಟ ಅಂತ ಮಾತ್ರ ಹೇಳುತ್ತಾನೆ. ಆದರೆ ಅದೇ ಘಟನೆಯನ್ನು ಮಗಳು ತಾಯಿಗೆ ಹೇಳುವಾಗ ಇನ್ನೊಂದು ಮಾತು ಸೇರುತ್ತೆ: ನನಗೆ ಇಷ್ಟವಿರಲಿಲ್ಲ, ಬಲವಂತ ಮಾಡಿ ತಿನ್ನಿಸಿದ. ಒಂದೇ ಪದ್ಯ, ಒಂದೇ ಕಾಳು, ಎರಡು ಹೇಳಿಕೆ. ಅವಳು ತಾಯಿಯ ಮುಂದೆ ಸತ್ಯ ಹೇಳಿದಳಾ, ತಾಯಿಗೆ ನೋವಾಗಬಾರದು ಅಂತ ಹಾಗೆ ಹೇಳಿದಳಾ, ಕವಿಯೇ ಅದನ್ನು ಬಿಟ್ಟನಾ? ಪದ್ಯ ಉತ್ತರ ಕೊಡಲ್ಲ.

ಆಮೇಲೆ ರೋಮಿನ ಕವಿ ಓವಿಡ್ ಬರುತ್ತಾನೆ, ಕ್ರಿ.ಶ. 8ರ ಆಸುಪಾಸು. ಅವನ ಕಥೆಯಲ್ಲಿ ಹೇಡಿಸ್ ಕೊಡೋದೇ ಇಲ್ಲ. ಹುಡುಗಿ ಪಾತಾಳದ ತೋಟದಲ್ಲಿ ಸುಮ್ನೆ ಅಡ್ಡಾಡುತ್ತಾ ತಾನೇ ಹಣ್ಣು ಕಿತ್ತು ಏಳು ಕಾಳು ತಿನ್ನುತ್ತಾಳೆ. ಅದನ್ನು ನೋಡಿದವನೊಬ್ಬ ಚಾಡಿ ಹೇಳುತ್ತಾನೆ, ಅವನು ಗೂಬೆಯಾಗುತ್ತಾನೆ. ಇದೇ ಓವಿಡ್ ಇನ್ನೊಂದು ಕಾವ್ಯದಲ್ಲಿ ಮೂರು ಕಾಳು ಅನ್ನುತ್ತಾನೆ. ಹಾಗಾಗಿ "ಪುರಾಣ ಕೆಡಿಸಿದರು" ಅಂತ ಈಗಿನ ಲೇಖಕಿಯರ ಮೇಲೆ ಸಿಟ್ಟಾಗುವವರಿಗೆ ನಾನು ಮೊದಲು ಹೇಳೋದು ಇದನ್ನೇ. ಈ ಕಥೆಯನ್ನು ಎರಡು ಸಾವಿರ ವರ್ಷದ ಹಿಂದೆಯೇ ತಿರುಗಿಸಿ ಹೇಳುತ್ತಿದ್ದರು. ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನನ್ನೇ ಮದುವೆಯಾಗೋದನ್ನು ಓದಿ ಬೆಳೆದ ನಮಗೆ ಇದು ಹೊಸ ವಿಷಯವೇನೂ ಅಲ್ವಲ್ಲ.

ಓವಿಡ್‌ನಲ್ಲಿ ನನಗೆ ತುಂಬ ಇಷ್ಟವಾದ ಒಂದು ಗಳಿಗೆ ಇದೆ. ಹೇಡಿಸ್ ಎತ್ತಿಕೊಂಡು ಓಡುವಾಗ ಹುಡುಗಿಯ ಬಟ್ಟೆ ಹರಿದು ಮಡಿಲಿನಲ್ಲಿದ್ದ ಹೂವುಗಳು ಬಿದ್ದುಹೋಗುತ್ತವೆ. ಆ ಹೊತ್ತಿನಲ್ಲೂ ಅವಳಿಗೆ ಹೂವು ಹೋಯ್ತಲ್ಲಾ ಅಂತ ದುಃಖವಾಗುತ್ತೆ, ಅಷ್ಟು ಸಣ್ಣವಳು. ಈ ಸಾಲನ್ನು ಓದಿದ ಮೇಲೆ ಸುಂದರವಾದ ಹೇಡಿಸ್ ಇರುವ ಯಾವ ಕಾದಂಬರಿ ಹಿಡಿದರೂ ನನ್ನ ಕಣ್ಣು ಆ ಹೂವುಗಳನ್ನೇ ಹುಡುಕುತ್ತೆ.

ಇದು ಯಾಕೆ ಪ್ರೇಮಕಥೆಯಾಗುತ್ತೆ, ಅಪಹರಣ ಅಲ್ವಾ ಅಂತ ಕೇಳಬಹುದು. ಹೌದು, ಅಪಹರಣವೇ. ಆದರೆ ಅದನ್ನು ಮೊದಲು ಕೇಳಿದ ಗ್ರೀಕ್ ಹೆಣ್ಣುಮಕ್ಕಳಿಗೆ ಅದು ಮದುವೆಯ ಕಥೆಯೂ ಆಗಿತ್ತು. ಆಗ ಹುಡುಗಿಯರಿಗೆ ಸಾಮಾನ್ಯವಾಗಿ 14-15ಕ್ಕೆ ಮದುವೆ, ಗಂಡನಿಗೆ ಮೂವತ್ತರ ಆಸುಪಾಸು. ಕೊಡುವವನು ಅಪ್ಪ, ಅಳುವವಳು ಅಮ್ಮ, ಹೋಗುವ ಮನೆ ಕತ್ತಲು. ಪರ್ಸೆಫೊನಿಯ ಇನ್ನೊಂದು ಹೆಸರೇ ಕೊರೆ, ಅಂದರೆ ಮದುವೆಯಾಗದ ಹುಡುಗಿ. ಅಥೆನ್ಸಿನ ಮ್ಯೂಸಿಯಮ್ಮಿನಲ್ಲಿ ಫ್ರಾಸಿಕ್ಲೆಯಾ ಅನ್ನೋ ಹುಡುಗಿಯ ಸಮಾಧಿಯ ಮೇಲಿದ್ದ ಕಲ್ಲಿನ ಮೂರ್ತಿ ಇದೆ, ಕ್ರಿ.ಪೂ. 6ನೇ ಶತಮಾನದ್ದು, 1972ರಲ್ಲಿ ನೆಲ ಅಗೆದಾಗ ಸಿಕ್ಕಿದ್ದು. ಕೈಯಲ್ಲಿ ಒಂದು ಮೊಗ್ಗು. ಕೆಳಗೆ ಬರೆದಿರುವುದರ ಅರ್ಥ ಇಷ್ಟು: ನನ್ನನ್ನು ಇನ್ನು ಯಾವಾಗಲೂ ಕೊರೆ ಅಂತಲೇ ಕರೆಯುತ್ತಾರೆ, ದೇವರು ಮದುವೆಯ ಬದಲು ಈ ಹೆಸರು ಕೊಟ್ಟರು. ಸಾವು ಮತ್ತು ಮದುವೆ ಆ ಜನರ ಮನಸ್ಸಿನಲ್ಲಿ ಎಷ್ಟು ಹತ್ತಿರ ಇದ್ದವು ಅನ್ನೋದಕ್ಕೆ ಆ ಒಂದು ಮೊಗ್ಗು ಸಾಕು.

ದಕ್ಷಿಣ ಇಟಲಿಯಲ್ಲಿ ಲೋಕ್ರಿ ಅಂತ ಒಂದು ಗ್ರೀಕ್ ಊರಿತ್ತು. ಅಲ್ಲಿ ಪರ್ಸೆಫೊನಿಯನ್ನು ಮದುವೆಯ ದೇವತೆ ಅಂತಲೇ ಪೂಜಿಸುತ್ತಿದ್ದರು. ಕ್ರಿ.ಪೂ. 5ನೇ ಶತಮಾನದ ಸಣ್ಣ ಸಣ್ಣ ಮಣ್ಣಿನ ಹಲಗೆಗಳು ಅಲ್ಲಿ ರಾಶಿ ರಾಶಿ ಸಿಕ್ಕಿವೆ. ಕೆಲವು ಹಲಗೆಯಲ್ಲಿ ಹುಡುಗಿಯನ್ನು ಹೊತ್ತೊಯ್ಯುವ ಚಿತ್ರ. ಇನ್ನು ಕೆಲವದರಲ್ಲಿ ಪರ್ಸೆಫೊನಿ, ಹೇಡಿಸ್ ಇಬ್ಬರೂ ಒಂದೇ ಸಿಂಹಾಸನದ ಮೇಲೆ ರಾಜ-ರಾಣಿಯ ಹಾಗೆ ಪಕ್ಕಪಕ್ಕ ಕೂತಿದ್ದಾರೆ. ಭಯವೂ ಇದೆ, ಅಲ್ಲಿ ರಾಣಿಯಾಗುತ್ತೇನೆ ಅನ್ನೋ ಆಸೆಯೂ ಇದೆ. ಇವತ್ತಿನ ಕಾದಂಬರಿ ಓದುವ ಹುಡುಗಿಗೂ ಬೇಕಾಗಿರೋದು ಇವೆರಡೇ.

ನಮಗಂತೂ ಇದು ದೂರದ ಭಾವನೆಯೇ ಅಲ್ಲ. ವರ್ಷಕ್ಕೊಮ್ಮೆ ತಾಯಿಯ ಮನೆಗೆ ಬರುವ ಮಗಳು ಅಂದ ಕೂಡಲೇ ಗೌರಿ ಹಬ್ಬ ನೆನಪಾಗಲ್ವಾ? ಗೌರಿ ತವರಿಗೆ ಬರುತ್ತಾಳೆ, ಮಾರನೇ ದಿನ ಕರೆದುಕೊಂಡು ಹೋಗಲು ಗಣಪ ಬರುತ್ತಾನೆ. ಹೊಸದಾಗಿ ಮದುವೆಯಾದ ಹುಡುಗಿ ಆಷಾಢಕ್ಕೆ ತವರಿಗೆ ಬಂದು ಕೂರೋದು ಕೂಡ ಅದೇ ಲೆಕ್ಕ, ವರ್ಷದಲ್ಲಿ ಇಷ್ಟು ದಿನ ಇಲ್ಲಿ, ಇಷ್ಟು ದಿನ ಅಲ್ಲಿ. ಡಿಮೀಟರ್ ಮಗಳಿಗಾಗಿ ಕಾಯೋದನ್ನು ಓದುವಾಗ ನನಗೆ ಅರ್ಥ ಹೇಳಿಕೊಡಲು ಯಾರೂ ಬೇಕಾಗಲಿಲ್ಲ. ನಮ್ಮ ಅಜ್ಜಿ ಬೀಸುವ ಕಲ್ಲಿನ ಮುಂದೆ ಕೂತು ಹೇಳುತ್ತಿದ್ದ ಪದಗಳಲ್ಲಿ ತವರಿನ ದಾರಿ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ.

ಇಷ್ಟು ಗೊತ್ತಾದರೆ ಈ ಪುಸ್ತಕಗಳು ಹೇಗೆ ಕೆಲಸ ಮಾಡುತ್ತವೆ ಅನ್ನೋದು ತಾನಾಗಿ ಕಾಣುತ್ತೆ. ಹಳೆಯ ಕಥೆಯಲ್ಲಿ ಹುಡುಗಿಗೆ ಏನೇನೋ ಆಗುತ್ತೆ, ಆದರೆ ಅವಳಿಗೆ ಏನು ಬೇಕಿತ್ತು ಅಂತ ಯಾರೂ ಕೇಳಲ್ಲ. ಅವಳು ಸುಮ್ಮನಿರುವ ಒಂದು ಜಾಗ ಇರುತ್ತೆ. ಕಾದಂಬರಿಗಾರ್ತಿ ಅಲ್ಲಿ ಬೆರಳಿಟ್ಟು ಅಲ್ಲಿಂದಲೇ ಶುರು ಮಾಡುತ್ತಾಳೆ. ನಾರ್ಸಿಸಸ್ ಬಲೆ ಅಂತ ಗೊತ್ತಿದ್ದೇ ಕೈ ಚಾಚಿದ್ದರೆ? ತಾಯಿಯ ಪ್ರೀತಿಯೇ ಉಸಿರುಗಟ್ಟಿಸುತ್ತಿದ್ದರೆ? ಕಾಳನ್ನು ಲೆಕ್ಕ ಹಾಕಿಯೇ ತಿಂದಿದ್ದರೆ, ಎಷ್ಟು ತಿಂಗಳು ಎಲ್ಲಿರಬೇಕು ಅಂತ ತಾನೇ ನಿರ್ಧರಿಸಿದ್ದರೆ? ಇಂಥ ಪುಸ್ತಕ ಓದುವಾಗ ನಾನು ಮೊದಲು ಆ ಸುಮ್ಮನಿರುವ ಜಾಗ ಯಾವುದು ಅಂತ ನೋಡುತ್ತೇನೆ, ಆಮೇಲೆ ಲೇಖಕಿ ಅಲ್ಲಿ ಏನು ತುಂಬಿದಳು ಅಂತ.

ಒಳ್ಳೆಯ ಪುಸ್ತಕ, ಸಾಧಾರಣ ಪುಸ್ತಕ ಬೇರೆಯಾಗೋದೂ ಅಲ್ಲೇ. ಸಾಧಾರಣ ಪುಸ್ತಕದಲ್ಲಿ ಹೇಡಿಸ್‌ಗೆ ಚೂಪು ಗದ್ದ, ಕಪ್ಪು ಕೋಟು, ಒಳಗೊಳಗೇ ಒಳ್ಳೆಯ ಮನಸ್ಸು ಕೊಟ್ಟುಬಿಟ್ಟರೆ ಕೆಲಸ ಮುಗೀತು. ಕಾಳು ತಿಂದರೂ ಏನೂ ಕಳೆದುಹೋಗಲ್ಲ, ಅಮ್ಮ ಒಂದೇ ಅಧ್ಯಾಯದಲ್ಲಿ ಒಪ್ಪಿಬಿಡುತ್ತಾಳೆ. ಒಳ್ಳೆಯದರಲ್ಲಿ ಪ್ರೀತಿ ಸಿಕ್ಕಿದರೂ ಲೆಕ್ಕ ಉಳಿಯುತ್ತೆ. ಮೇಲೆ ಬಂದಾಗ ಕೆಳಗಿನವನು ಇಲ್ಲ, ಕೆಳಗೆ ಹೋದಾಗ ಅಮ್ಮ ಇಲ್ಲ. ಆ ಬೆಲೆಯನ್ನು ಅಳಿಸಿಹಾಕಿದರೆ ಅದು ಪರ್ಸೆಫೊನಿಯ ಕಥೆಯಾಗಿ ಉಳಿಯಲ್ಲ, ಹೆಸರು ಮಾತ್ರ ಉಳಿಯುತ್ತೆ.

ಇನ್ನೊಂದು ತೊಡಕಿನ ಬಗ್ಗೆ ನೇರವಾಗಿ ಹೇಳಿಬಿಡಬೇಕು. ಹುಡುಗಿಗೆ ಹದಿನೇಳು, ಅವನಿಗೆ ಸಾವಿರಾರು ವರ್ಷ, ಜೊತೆಗೆ ಅವನು ರಾಜ, ಅವನ ಮನೆಯಿಂದ ಅವಳು ಹೊರಗೆ ಹೋಗುವ ಹಾಗಿಲ್ಲ. ಇದನ್ನು ಬರೀ ರೊಮ್ಯಾಂಟಿಕ್ ಅಂತ ಓದೋದು ನನಗೆ ಒಪ್ಪಿಗೆಯಿಲ್ಲ. ಹಾಗಂತ ಮಕ್ಕಳ ಕೈಯಿಂದ ಪುಸ್ತಕ ಕಿತ್ತುಕೊಳ್ಳೋದೂ ಸರಿಯಲ್ಲ. ಅಕ್ಕನ ಮಗಳಿಗೆ ನಾನು ಕೇಳಿದ್ದು ಇಷ್ಟೇ: ಅವಳು ಬೇಡ ಅಂದಾಗ ಅವನು ನಿಲ್ಲಿಸ್ತಾನಾ? ಬಾಗಿಲು ಯಾವಾಗ ತೆರೆಯುತ್ತೆ, ತೆರೆಯೋದು ಯಾರು? ಅವಳು ಸ್ವಲ್ಪ ಹೊತ್ತು ಯೋಚಿಸಿ, ಎರಡನೇ ಪುಸ್ತಕದಲ್ಲಿ ಬಾಗಿಲು ಕೊನೆಯವರೆಗೂ ತೆರೆಯಲೇ ಇಲ್ಲ ಅಂದಳು. ಆ ಪುಸ್ತಕ ಅವಳಿಗೆ ಮೊದಲೂ ಯಾಕೋ ಅಷ್ಟು ಹಿಡಿಸಿರಲಿಲ್ಲವಂತೆ.

ಪರ್ಸೆಫೊನಿ ಒಂದು ಬೇರಾದರೆ ಇನ್ನೊಂದು ಬೇರು ಮುಖ ತೋರಿಸದ ಗಂಡನ ಕಥೆ. ಕ್ರಿ.ಶ. 2ನೇ ಶತಮಾನದಲ್ಲಿ ಅಪುಲಿಯಸ್ ಅನ್ನೋ ಲೇಖಕ, ಈಗಿನ ಅಲ್ಜೀರಿಯಾದವನು, ಸೈಕಿ ಅನ್ನೋ ಹುಡುಗಿ ಮತ್ತು ಪ್ರೇಮದ ದೇವರು ಕ್ಯುಪಿಡ್ ಕಥೆ ಬರೆದ. ಗಂಡ ಕತ್ತಲಲ್ಲಿ ಮಾತ್ರ ಬರುತ್ತಾನೆ, ನನ್ನ ಮುಖ ನೋಡಬೇಡ ಅನ್ನುತ್ತಾನೆ. ಅವನೊಬ್ಬ ಹಾವು ಅಂತ ಅಕ್ಕಂದಿರು ಹೆದರಿಸುತ್ತಾರೆ. ಅವಳು ದೀಪ ಹಿಡಿದು ನೋಡುತ್ತಾಳೆ, ಬಿಸಿ ಎಣ್ಣೆಯ ಒಂದು ಹನಿ ಅವನ ಭುಜದ ಮೇಲೆ ಬೀಳುತ್ತೆ, ಅವನು ಹೊರಟುಹೋಗುತ್ತಾನೆ. ಆಮೇಲೆ ಅವನನ್ನು ಹುಡುಕಿಕೊಂಡು ಅವಳು ಪಾತಾಳದವರೆಗೂ ಹೋಗಬೇಕು. ಶಾಪಗ್ರಸ್ತ ರಾಜಕುಮಾರ, ನಿಷೇಧವಿರುವ ಕೋಣೆ, ನಾಯಕಿಗೆ ಮೂರು ನಾಲ್ಕು ಪರೀಕ್ಷೆ, ಇವುಗಳಲ್ಲಿ ಬಹಳಷ್ಟಕ್ಕೆ ಬೇರು ಇಂಥ ಕಥೆಯಲ್ಲಿದೆ.

ಇದೇ ದಾರಿಯಲ್ಲಿ ಬ್ಯೂಟಿ ಅಂಡ್ ದ ಬೀಸ್ಟ್ ಬರುತ್ತೆ, ಶಾಪದಿಂದ ಮೃಗವಾದವನ ಮನೆಯಲ್ಲಿ ಇರಬೇಕಾದ ಹುಡುಗಿಯ ಕಥೆ. ಯಂಗ್ ಅಡಲ್ಟ್ ಅನ್ನೋದು ಹೇಗೆ ಹುಟ್ಟುತ್ತೆ ಅಂತ ಅಲ್ಲಿ ಕಣ್ಣಾರೆ ನೋಡಬಹುದು. 1740ರಲ್ಲಿ ಫ್ರಾನ್ಸಿನ ವಿಲ್‌ನವ್ ಅನ್ನೋ ಲೇಖಕಿ ದೊಡ್ಡವರಿಗೆ ಬರೆದ ಉದ್ದದ ಕಥೆಯಲ್ಲಿ ಮೃಗ ಪ್ರತಿ ರಾತ್ರಿ ಕೇಳೋದು, ನನ್ನ ಜೊತೆ ಮಲಗುತ್ತೀಯಾ ಅಂತ. 1756ರಲ್ಲಿ ಲಂಡನ್ನಿನಲ್ಲಿ ಹುಡುಗಿಯರಿಗೆ ಪಾಠ ಹೇಳುತ್ತಿದ್ದ ಬೊಮೋಂ ಅನ್ನೋ ಶಿಕ್ಷಕಿ ಅದನ್ನು ತನ್ನ ವಿದ್ಯಾರ್ಥಿನಿಯರ ವಯಸ್ಸಿನವರಿಗೆ ಅಂತ ಚಿಕ್ಕದು ಮಾಡಿ ಬರೆದಾಗ ಮೃಗದ ಪ್ರಶ್ನೆ ಬದಲಾಯಿತು: ನನ್ನ ಹೆಂಡತಿಯಾಗುತ್ತೀಯಾ? ಆದರೆ ಎರಡರಲ್ಲೂ ಅವನು ದಿನಾ ಕೇಳುತ್ತಾನೆ, ಅವಳು ದಿನಾ ಇಲ್ಲ ಅನ್ನುತ್ತಾಳೆ, ಅವನು ಸುಮ್ಮನಾಗುತ್ತಾನೆ. ನಾನು ಅಕ್ಕನ ಮಗಳಿಗೆ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು.

ಮುಖ ಮುಚ್ಚಿದ ಗಂಡ ನಮ್ಮಲ್ಲೂ ಇದ್ದಾನೆ. ಗಿರೀಶ ಕಾರ್ನಾಡರು ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜಾನಪದ ಕಥೆಗಳಿಂದ 1988ರಲ್ಲಿ ನಾಗಮಂಡಲ ನಾಟಕ ಬರೆದರು. ಗಂಡ ಅಪ್ಪಣ್ಣ ರಾಣಿಯನ್ನು ಮನೆಯಲ್ಲಿ ಕೂಡಿಹಾಕಿ ಬೀಗ ಹಾಕಿಕೊಂಡು ಹೋಗುತ್ತಾನೆ. ಗಂಡನನ್ನು ಒಲಿಸಿಕೊಳ್ಳಲು ಬೇರು ಬೆರೆಸಿದ ಸಾರನ್ನು ಅವಳು ಹೆದರಿ ಹುತ್ತಕ್ಕೆ ಸುರಿಯುತ್ತಾಳೆ, ಅಲ್ಲಿದ್ದ ನಾಗ ಅವಳಿಗೆ ಮರುಳಾಗಿ ಗಂಡನ ರೂಪದಲ್ಲಿ ರಾತ್ರಿ ಬರುತ್ತಾನೆ. ಹಗಲಿನ ಗಂಡ ಒರಟ, ರಾತ್ರಿಯ ಗಂಡ ಮೃದು. ಸೈಕಿಯ ಅಕ್ಕಂದಿರು ಸುಳ್ಳು ಹೇಳಿದರು, ಇಲ್ಲಿ ಗಂಡ ನಿಜವಾಗಿಯೂ ಹಾವು. ಕೊನೆಗೆ ಅವಳು ನಾಗನನ್ನು ಕೈಯಲ್ಲಿ ಹಿಡಿದು ಪ್ರಮಾಣ ಮಾಡುತ್ತಾಳೆ: ನನ್ನ ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಗಂಡಸನ್ನು ಮುಟ್ಟಿಲ್ಲ. ಆ ಮಾತು ಪೂರ್ತಿ ನಿಜ, ಆದರೂ ಸಭೆಗೆ ಏನೂ ಗೊತ್ತಾಗಲ್ಲ. ಒಂದು ಮುಕ್ತಾಯದಲ್ಲಿ ನಾಗ ಅವಳ ಜಡೆಯಲ್ಲೇ ಸಾಯುತ್ತೆ, ಇನ್ನೊಂದರಲ್ಲಿ ಅವಳು ಅದಕ್ಕೆ ಕೂದಲಲ್ಲೇ ಜಾಗ ಕೊಡುತ್ತಾಳೆ. ಇಂಥ ಕಥೆ ಕನ್ನಡದಲ್ಲೇ ಇರುವಾಗ ನಮ್ಮ ಮಕ್ಕಳು ಇದನ್ನು ಇಂಗ್ಲಿಷಿನ ವಿಷಯ ಅಂತ ತಿಳಿದುಕೊಂಡಿರೋದು ನನಗೆ ಬೇಜಾರು.

ಪುಸ್ತಕ ಓದುವ ಮುಂಚೆ ಪುರಾಣ ಓದಿರಬೇಕಾ ಅಂತಲೂ ಅವಳು ಕೇಳಿದಳು. ಬೇಕಿಲ್ಲ. ಮೊದಲು ಕಾದಂಬರಿಯನ್ನು ಅದರ ಪಾಡಿಗೆ ಓದಿ ಖುಷಿಪಡಿ, ಆಮೇಲೆ ಮೂಲ ಹುಡುಕಿ. ಸ್ತೋತ್ರ ಒಂದೇ ಕೂತಲ್ಲಿ ಮುಗಿಯುತ್ತೆ. ಆಗ ಕಾದಂಬರಿ ಇನ್ನೊಂದು ಸಲ ತೆರೆದುಕೊಳ್ಳುತ್ತೆ.

ಭಾರತದ ಪುರಾಣದಿಂದಲೂ ಇಂಗ್ಲಿಷಿನಲ್ಲಿ ಇಂಥವು ಬರುತ್ತಿವೆ. 2016ರಲ್ಲಿ ಬಂದ ರೋಶನಿ ಚೋಕ್ಷಿಯವರ ದ ಸ್ಟಾರ್-ಟಚ್ಡ್ ಕ್ವೀನ್‌ನಲ್ಲಿ ರಾಜಕುಮಾರಿಯ ಜಾತಕದಲ್ಲೇ ಸಾವಿನ ಜೊತೆ ಮದುವೆ ಅಂತ ಬರೆದಿರುತ್ತೆ, ಪರ್ಸೆಫೊನಿಯೂ ನಮ್ಮ ಕಥೆಗಳೂ ಅಲ್ಲಿ ಕೈ ಹಿಡಿದು ನಡೆಯುತ್ತವೆ. ಆದರೆ ಸಾವಿನ ದೇವರ ಹಿಂದೆ ಹೋದ ಹುಡುಗಿ ಅಂದರೆ ನನಗೆ ಸಾವಿತ್ರಿಯೇ. ಅವಳ ಕಥೆಯನ್ನು ತಿರುಗಿಸಿ ಬರೆಯೋದು ಕಷ್ಟ, ಯಾಕೆಂದರೆ ಅವಳು ಸುಮ್ಮನಿರುವವಳೇ ಅಲ್ಲ. ತಾನೇ ರಥ ಹತ್ತಿ ಗಂಡನನ್ನು ಹುಡುಕಲು ಹೋಗುತ್ತಾಳೆ, ಅವನು ಒಂದು ವರ್ಷಕ್ಕೆ ಸಾಯುತ್ತಾನೆ ಅಂತ ನಾರದ ಹೇಳಿದರೂ ಒಮ್ಮೆ ಆರಿಸಿದೆ, ಮತ್ತೆ ಆರಿಸಲ್ಲ ಅನ್ನುತ್ತಾಳೆ, ಯಮನನ್ನೇ ಮಾತಿನಲ್ಲಿ ಗೆಲ್ಲುತ್ತಾಳೆ.

ಹಾಗಾದರೆ ಖಾಲಿ ಜಾಗ ಎಲ್ಲಿ? ಆ ಒಂದು ವರ್ಷದಲ್ಲಿ. ಮಹಾಭಾರತದ ವನಪರ್ವ ಆ ವರ್ಷವನ್ನು ಕೆಲವೇ ಸಾಲಿನಲ್ಲಿ ದಾಟಿಬಿಡುತ್ತೆ. ಅವಳು ದಿನ ಎಣಿಸುತ್ತಿದ್ದಳು, ನಾರದನ ಮಾತು ಹಗಲೂ ರಾತ್ರಿ ಮನಸ್ಸಿನಲ್ಲಿತ್ತು, ಅಷ್ಟೇ. ಗಂಡನಿಗೆ ಗೊತ್ತಿಲ್ಲ. ಅತ್ತೆ ಮಾವನಿಗೆ ಗೊತ್ತಿಲ್ಲ. ಒಂದೇ ಗುಡಿಸಲಿನಲ್ಲಿ ಗೊತ್ತಿರುವ ಹುಡುಗಿ, ಗೊತ್ತಿಲ್ಲದ ಹುಡುಗ, ಮುನ್ನೂರ ಚಿಲ್ಲರೆ ದಿನ. ಕೊನೆಯ ದಿನ ಕಾಡಿಗೆ ನಾನೂ ಬರುತ್ತೇನೆ ಅಂದಾಗ ಮಾವ, ಈ ಮನೆಗೆ ಬಂದ ಮೇಲೆ ಅವಳು ಏನನ್ನಾದರೂ ಕೇಳಿದ ನೆನಪೇ ನನಗಿಲ್ಲ, ಹೋಗಲಿ ಅನ್ನುತ್ತಾನೆ. ಸ್ಲೋ ಬರ್ನ್ ಅಂತ, ಅಂದರೆ ನಿಧಾನಕ್ಕೆ ಹೊತ್ತಿಕೊಳ್ಳುವ ಪ್ರೀತಿಯ ಕಥೆ ಅಂತ, ಹುಡುಗಿಯರು ಹುಡುಕುತ್ತಾರಲ್ಲ, ಇದಕ್ಕಿಂತ ದೊಡ್ಡದು ಎಲ್ಲಿ ಸಿಗುತ್ತೆ? ಇದನ್ನು ಹದಿನೇಳರ ಹುಡುಗಿಯರಿಗಾಗಿ ಯಾರಾದರೂ ಕನ್ನಡದಲ್ಲಿ ಬರೆಯಬೇಕು ಅಂತ ನನಗೆ ತುಂಬ ಆಸೆ.

ಶುರು ಮಾಡಲು ದೃಶ್ಯವೂ ಮೂಲದಲ್ಲೇ ಇದೆ. ಕೊಡಲಿ ಹೆಗಲಿಗೇರಿಸಿಕೊಂಡು ಸತ್ಯವಾನ ಮುಂದೆ ನಡೆಯುತ್ತಿದ್ದಾನೆ. ದಾರಿಯ ನದಿಗಳನ್ನು, ಹೂ ಬಿಟ್ಟ ಮರಗಳನ್ನು ತೋರಿಸಿ ನೋಡು ಅನ್ನುತ್ತಾನೆ, ಇವತ್ತು ಅವಳು ಜೊತೆಗೆ ಬಂದದ್ದೇ ಅವನಿಗೆ ಸಂತೋಷ. ಅವಳು ಮನಸ್ಸನ್ನು ಎರಡು ಭಾಗ ಮಾಡಿಕೊಂಡವಳ ಹಾಗೆ ಒಂದರಿಂದ ಅವನ ಮಾತಿಗೆ ಉತ್ತರ ಕೊಡುತ್ತಾ, ಇನ್ನೊಂದರಿಂದ ಆ ಗಳಿಗೆಯನ್ನು ಕಾಯುತ್ತಾ, ಅವನ ಹಿಂದೆಯೇ ಮೆಲ್ಲಗೆ ನಡೆಯುತ್ತಾಳೆ.